ಶಾಸ್ತ್ರದ ಕಪಾಟು

ದೇವ, ಗುರು, ಶಾಸ್ತ್ರ ಎಂಬ ಮೂರಕ್ಕೂ ಶ್ರಾವಕನು ಒಂದೇ ಉಸಿರಿನಲ್ಲಿ ವಂದನೆ ಸಲ್ಲಿಸುತ್ತಾನೆ. ದೇವರಿಗೆ ಬಸದಿಗಳಿವೆ, ಗುರುಗಳಿಗೆ ಮಠಗಳಿವೆ. ಶಾಸ್ತ್ರಕ್ಕೆ ಮಾತ್ರ ಬಹುತೇಕ ಮನೆಗಳಲ್ಲಿ ದೊರೆಯುವುದು ಗೋಡೆಯ ಕಪಾಟಿನ ಮೇಲಂತಸ್ತು. ಅಲ್ಲಿಗೆ ಕೈ ಎಟುಕುವುದಿಲ್ಲ. ಎಟುಕದ ಕಾರಣ ಶಾಸ್ತ್ರವು ಅಲ್ಲಿ ಬಹು ಪವಿತ್ರವಾಗಿ ಉಳಿಯುತ್ತದೆ. ಇಂತಹ ಪಾವಿತ್ರ್ಯದ ಪರಿಣಾಮವೇನೆಂಬುದನ್ನು ಕೂಳೂರಿನ ಹಿರಿಯ ಶ್ರಾವಕರೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಮನೆಯಲ್ಲಿಯೇ ಕಂಡರು. ಅದರಿಂದ ಅವರು ಕಲಿತ ಪಾಠವು ಒಂದು ಚಿಕ್ಕ ಮರದ ಕಪಾಟಿನ ರೂಪದಲ್ಲಿ ಈಗ ಅವರ ಮನೆಯ ಚಾವಡಿಯಲ್ಲಿ ನಿಂತಿದೆ.

ಕೂಳೂರು ಮಂಗಳೂರು ನಗರದ ಉತ್ತರ ಭಾಗದಲ್ಲಿ, ಗುರುಪುರ ಹೊಳೆ ಎಂದು ಜನರು ಕರೆಯುವ ಫಲ್ಗುಣಿ ನದಿಯ ದಡದಲ್ಲಿದೆ. ರಾಷ್ಟ್ರೀಯ ಹೆದ್ದಾರಿ 66 ಅಲ್ಲಿ ನದಿಯನ್ನು ದಾಟುತ್ತದೆ. ಪಣಂಬೂರಿನ ಬಂದರಿಗೆ ಹೋಗುವ ಲಾರಿಗಳ ಸದ್ದು ಹಗಲಿರುಳೂ ಇರುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ, ಹೊಳೆಯ ಬದಿಯ ಮನೆಯ ಗೋಡೆಗಳು ಆಷಾಢದಿಂದ ಆಶ್ವಯುಜದವರೆಗೆ ಒಣಗುವುದೇ ಅಪರೂಪ. ಮಂಗಳೂರಿನ ಬಂದರು ಪ್ರದೇಶದಲ್ಲಿ ನಾಲ್ಕು ದಶಕ ದಿನಸಿ ಸಗಟು ವ್ಯಾಪಾರ ಮಾಡಿದ ಈ ವಾಣಿಜ್ಯ ಪದವೀಧರರಿಗೆ ತೇವದ ವಿಚಾರ ತಿಳಿಯದ್ದಲ್ಲ. ಅಕ್ಕಿ ಮೂಟೆಯನ್ನು ನೆಲಕ್ಕೆ ತಾಗಿಸಿ ಇಡಬಾರದು, ಗೋಡೆಗೆ ಒರಗಿಸಬಾರದು, ಎರಡು ಸಾಲುಗಳ ನಡುವೆ ಗಾಳಿಯಾಡಲು ಜಾಗ ಬಿಡಬೇಕು ಎಂದು ಅಂಗಡಿಯ ಹುಡುಗರಿಗೆ ಅವರೇ ದಿನವೂ ಹೇಳುತ್ತಿದ್ದರು. ಅಕ್ಕಿಗೆ ತೋರಿದ ಈ ವಿವೇಕವನ್ನು ಮನೆಯ ಶಾಸ್ತ್ರಗಳಿಗೆ ತೋರಬೇಕೆಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಒಂದು ವರ್ಷ ದೀಪಾವಳಿಯ ಮುನ್ನಾದಿನ, ಮಹಾವೀರ ಸ್ವಾಮಿಯ ನಿರ್ವಾಣಪೂಜೆಗೆಂದು ಮನೆಯನ್ನು ಸ್ವಚ್ಛಗೊಳಿಸುವಾಗ, ಗೋಡೆಯೊಳಗೆ ಕೂರಿಸಿದ್ದ ಕಪಾಟಿನ ಬಾಗಿಲನ್ನು ತೆರೆದರು. ಬಾಗಿಲು ಸುಲಭವಾಗಿ ಬರಲಿಲ್ಲ. ಬಂದಾಗ ಅದರೊಡನೆ ಕೆಂಪು ಮಣ್ಣಿನ ಹೆಂಟೆಗಳು ಉದುರಿದವು. ಹೊರಗಿನಿಂದ ನೋಡಿದರೆ ಪುಸ್ತಕಗಳ ಬೆನ್ನುಗಳು ಸಾಲಾಗಿ, ಅಂದವಾಗಿ ನಿಂತಿದ್ದವು. ಕೈಗೆತ್ತಿಕೊಂಡರೆ ಒಳಗೆ ಹಾಳೆಗಳೇ ಇರಲಿಲ್ಲ. ಅವರ ತಂದೆ ತಮ್ಮ ಯೌವನದಲ್ಲಿ ಬಸದಿಯ ಪ್ರತಿಗಳನ್ನು ನೋಡಿ ಸ್ವಹಸ್ತದಿಂದ ಬರೆದುಕೊಂಡಿದ್ದ ಸ್ತೋತ್ರಗಳ ದಪ್ಪ ಪುಸ್ತಕವೊಂದು ಆ ಸಾಲಿನಲ್ಲಿತ್ತು. ಅದರ ರಟ್ಟು ಉಳಿದಿತ್ತು; ಅಕ್ಷರ ಒಂದೂ ಉಳಿದಿರಲಿಲ್ಲ.

ದುಃಖವು ಕ್ಷಣಾರ್ಧದಲ್ಲಿ ಕ್ರೋಧವಾಯಿತು. ಅವರು ಸೀಮೆಎಣ್ಣೆಯ ಡಬ್ಬಿಯನ್ನು ತಂದು ಆ ಗೂಡಿನ ಮೇಲೆ ಪೂರ್ತಿಯಾಗಿ ಸುರಿದರು. ಬಿಳಿಯ ಹುಳುಗಳು ಸಾವಿರ ಸಂಖ್ಯೆಯಲ್ಲಿ ಹೊರಳಾಡಿ ನಿಶ್ಚಲವಾದವು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ, ನೀರನ್ನು ಸೋಸಿಯೇ ಕುಡಿಯುವ ಮನೆಯಲ್ಲಿ ನಡೆದ ಕೆಲಸವಿದು. ಎಲ್ಲವನ್ನೂ ಗುಡಿಸಿ ಹಾಕಿದ ಬಳಿಕ ಅವರ ಪತ್ನಿ ಒಂದೇ ಒಂದು ಪ್ರಶ್ನೆ ಕೇಳಿದರು: "ಈ ಬಾಗಿಲನ್ನು ನೀವು ಕೊನೆಗೆ ತೆಗೆದದ್ದು ಯಾವಾಗ?"

ಅವರು ಲೆಕ್ಕ ಹಾಕಿದರು. ಎರಡು ಶ್ರುತಪಂಚಮಿಗಳು ಕಳೆದಿದ್ದವು.

ಆ ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಅವರ ಮನಸ್ಸು ಒಂದು ಪ್ರಶ್ನೆಯಲ್ಲಿ ಸಿಲುಕಿಕೊಂಡಿತು. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಅಡುಗೆ, ಕೃಷಿ, ವ್ಯಾಪಾರ, ಆತ್ಮರಕ್ಷಣೆಗಳಲ್ಲಿ ತಪ್ಪಿಸಲಾಗದೆ ಆಗುವ ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಸೀಮೆಎಣ್ಣೆ ಸುರಿದದ್ದು ಯಾವ ಖಾತೆಗೆ ಸೇರಬೇಕು? ಅಡುಗೆಯ ಕೆಲಸವಲ್ಲ, ವ್ಯಾಪಾರದ ಕೆಲಸವಲ್ಲ. ಪುಸ್ತಕಗಳು ಆಗಲೇ ಹೋಗಿದ್ದುದರಿಂದ ರಕ್ಷಣೆಯ ಕೆಲಸವೂ ಅಲ್ಲ. ಕೊಲ್ಲಬೇಕೆಂಬ ಸಿಟ್ಟಿನಿಂದಲೇ ಕೊಂದದ್ದು. ವ್ಯಾಪಾರದಲ್ಲಿ ಸುಳ್ಳು ಖಾತೆ ಬರೆಯದಿದ್ದವರು ಇಲ್ಲಿಯೂ ಬರೆಯಲಿಲ್ಲ. ಅದನ್ನು ಸಂಕಲ್ಪೀ ಎಂದೇ ಬರೆದುಕೊಂಡರು.

ಆದರೆ ಇನ್ನೂ ಹಿಂದಕ್ಕೆ ಹೋದರೆ ಬೇರೊಂದು ಮೂಲ ಕಾಣಿಸುತ್ತದೆ. ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಡಬ್ಬಿ ಎತ್ತಿದ ಕ್ಷಣದಲ್ಲಿ ಆ ಹಿಂಸೆ ಹುಟ್ಟಿದ್ದಲ್ಲ. ಎರಡು ವರ್ಷ ಬಾಗಿಲು ತೆರೆಯದೆ ಇದ್ದ ಪ್ರಮಾದದಲ್ಲಿಯೇ ಅದು ಹುಟ್ಟಿ ಬೆಳೆದಿತ್ತು. ಗೆದ್ದಲು ಬೆಳಕನ್ನು ಸಹಿಸದು. ತೇವವಿದ್ದಲ್ಲಿ, ಅಲುಗಾಟವಿಲ್ಲದಲ್ಲಿ, ಕತ್ತಲೆಯಲ್ಲಿ ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ. ಯಾರೂ ಓದದ ಶಾಸ್ತ್ರ ಅದಕ್ಕೆ ತಕ್ಕ ಜಾಗ. ತಂದೆಯ ಪುಸ್ತಕವನ್ನು ತಿಂದದ್ದು ಹುಳು. ಹುಳುವಿಗೆ ಅದನ್ನು ಒಪ್ಪಿಸಿದವನು ಮಗ.

ಕೆಲವು ದಿನಗಳ ನಂತರ ಅವರು ಮೂಡುಬಿದಿರೆಗೆ ಹೋಗಿ, 1430ರಲ್ಲಿ ನಿರ್ಮಾಣವಾದ ಸಾವಿರ ಕಂಬದ ಬಸದಿಯಲ್ಲಿ ಬಹಳ ಹೊತ್ತು ಕುಳಿತಿದ್ದರು. ಷಟ್ಖಂಡಾಗಮದ ಧವಲಾ ಟೀಕೆಯ ತಾಡವಾಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಕ್ಷೇತ್ರವದು. ಬೇರೆಲ್ಲಿಯೂ ಉಳಿಯದ ಸಿದ್ಧಾಂತ ಗ್ರಂಥ ಅಲ್ಲಿ ಉಳಿಯಿತೆಂಬುದು ಕರಾವಳಿಯ ಜೈನರ ಹೆಮ್ಮೆ. ಆದರೆ ಆ ಕಥೆಗೆ ಇನ್ನೊಂದು ಮುಖವೂ ಇದೆ. ಬಹುಕಾಲ ಆ ಗರಿಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಓದುವವರಿಲ್ಲದೆ, ಪ್ರತಿ ಮಾಡುವವರಿಲ್ಲದೆ ಕೆಲವು ಗರಿಗಳು ಶಿಥಿಲವಾಗಿ ನಷ್ಟವಾದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಪ್ರಾರಂಭವಾಗಿ ದಶಕಗಳ ಕಾಲ ನಡೆಯಿತು, 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು; ಒಟ್ಟು 16 ಸಂಪುಟಗಳಾಗಿ ಅದು ಲೋಕಕ್ಕೆ ದೊರೆಯಿತು. ಪೆಟ್ಟಿಗೆ ಗ್ರಂಥವನ್ನು ಕೆಲವು ಕಾಲ ಕಾಯಬಲ್ಲುದು. ಅದನ್ನು ಉಳಿಸುವುದು ತೆರೆಯುವ ಕೈ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಗೆ ಈ ಮರ್ಮ ಚೆನ್ನಾಗಿ ತಿಳಿದಿತ್ತು.

ಊರಿಗೆ ಮರಳಿದ ಹಿರಿಯರು, ಶಾಸ್ತ್ರಕ್ಕೆ ಹೊಸ ಕಪಾಟು ಮಾಡಿಸಬೇಕೆಂದು ಪರಿಚಯದ ಬಡಗಿಯನ್ನು ಕರೆಸಿದರು. ಆಚಾರಿ ಅನುಭವಸ್ಥರು. ಪ್ಲೈವುಡ್ ಹಲಗೆ, ಅಂಟು, ಮೊಳೆ, ಮೇಲೆ ಸ್ಪಿರಿಟ್ ಪಾಲಿಶ್, ಬುಡಕ್ಕೆ ಗೆದ್ದಲಿನ ಔಷಧ ಎಂದು ಪಟ್ಟಿ ಹೇಳಿ, "ಒಂದು ವಾರದ ಕೆಲಸ ಧನಿಗಳೇ, ಇನ್ನು ಹತ್ತು ವರ್ಷ ಆ ಕಡೆ ನೋಡುವುದೇ ಬೇಡ" ಎಂದರು. ಆ ಕೊನೆಯ ಮಾತು ಹಿರಿಯರನ್ನು ಚುಚ್ಚಿತು. ಹತ್ತು ವರ್ಷ ನೋಡಬೇಕಾಗಿಲ್ಲದ ಕಪಾಟು ಅವರಿಗೆ ಬೇಕಾಗಿರಲಿಲ್ಲ. ದಿನವೂ ನೋಡಲೇಬೇಕಾದ ಕಪಾಟು ಬೇಕಾಗಿತ್ತು. "ಆಚಾರ್ರೇ, ನೀವು ಹೇಳಿಕೊಡಿ, ನಾನೇ ಮಾಡುತ್ತೇನೆ" ಎಂದರು. ಆಚಾರಿ ನಕ್ಕರು, ಆದರೆ ಒಪ್ಪಿದರು.

ಮನೆಯ ಹಿಂಬದಿಯ ಕೊಟ್ಟಿಗೆ ಕಾರ್ಖಾನೆಯಾಯಿತು. ಗರಗಸ, ಕೀಸುಳಿ, ಮೂರು ಅಳತೆಯ ಉಳಿಗಳು, ಕೊಡತಿ, ಬೈರಿಗೆ, ಮೂಲೆಮಟ್ಟ ಇಷ್ಟೇ ಸಲಕರಣೆ. ಜೊತೆಗೆ ಹಳೆಯ ಅಂಗಡಿಯ ಒಂದು ಲೆಕ್ಕದ ಪುಸ್ತಕ. ಅದರ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಹಣ, ಬಲಕ್ಕೆ ಜೀವ ಎಂದು ಬರೆದರು. ಪ್ರತಿಯೊಂದು ಸಾಮಗ್ರಿಗೂ ಎರಡು ಬೆಲೆ; ಎರಡನ್ನೂ ನಮೂದಿಸದೆ ಯಾವುದನ್ನೂ ಕೊಳ್ಳಬಾರದು ಎಂಬುದು ನಿಯಮ.

ಮೊದಲನೆಯದು ಮರ. ಶ್ರಾವಕನಿಗೆ ತಕ್ಕುದಲ್ಲವೆಂದು ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಎಣಿಸುವ ಹದಿನೈದು ಜೀವಿಕೆಗಳಲ್ಲಿ ಮರ ಕಡಿದು ಮಾರುವ ವನಜೀವಿಕೆಯೂ ಇದೆ. ಒಂದು ಕಪಾಟಿಗಾಗಿ ನಿಂತ ಮರವನ್ನು ಉರುಳಿಸುವುದು ಬೇಡವೆಂದು, ಸಮೀಪದಲ್ಲಿ ಕೆಡವುತ್ತಿದ್ದ ಒಂದು ಹಂಚಿನ ಮನೆಯ ಹಲಸಿನ ಮುಚ್ಚಿಗೆ ಹಲಗೆಗಳನ್ನೂ ಕೆಲವು ರೀಪುಗಳನ್ನೂ ಕೊಂಡರು. ಹಲಸು ಕರಾವಳಿಯ ಬಾಗಿಲು ದಾರಂದಗಳಿಗೆ ಒಗ್ಗಿದ ಮರ. ಅದರ ತಿರುಳನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಹಳೆಯ ಮರಕ್ಕೆ ಇನ್ನೊಂದು ಗುಣವಿದೆ: ಹಲವು ಮಳೆಗಾಲಗಳಲ್ಲಿ ಉಬ್ಬಿ ಕುಗ್ಗಿ ಅದರ ಚಂಚಲತೆ ಕಳೆದಿರುತ್ತದೆ.

ಹಳೆಯ ಮರದೊಳಗೆ ಕುಟ್ಟೆಹುಳ ಇರಬಹುದಲ್ಲ? ಗರಗಸ ಹಾಕುವ ಮೊದಲು ಹಲಗೆಗಳನ್ನು ಬಿಳಿ ಕಾಗದದ ಮೇಲೆ ಮಲಗಿಸಿ ಒಂದು ತಿಂಗಳು ಕಾದರು. ಒಳಗೆ ಜೀವವಿದ್ದರೆ ಹೊಸ ಹುಡಿ ಉದುರುತ್ತದೆ. ಹಳೆಯ ತೂತು ಮಾತ್ರವಾದರೆ ಕಾಗದ ಸ್ವಚ್ಛವಾಗಿಯೇ ಇರುತ್ತದೆ. ಒಂದು ಹಲಗೆಯ ಅಡಿಯಲ್ಲಿ, ಬೆಳ್ಳಗಿನ ಹೊರಮರ ಉಳಿದಿದ್ದ ಅಂಚಿನಲ್ಲಿ, ನುಣುಪಾದ ಹುಡಿ ಕಾಣಿಸಿತು. ಸ್ವಲ್ಪ ಪೆಟ್ರೋಲ್ ಬಿಟ್ಟರೆ ಸರಿಹೋಗುತ್ತದೆ ಎಂದು ಆಚಾರಿ ಹೇಳಿದರು. ಹಿರಿಯರು ಆ ಹಲಗೆಯನ್ನು ಹಿತ್ತಿಲ ತೆಂಗಿನ ಬುಡದಲ್ಲಿ, ಮಳೆ ತಾಗದ ಮರೆಯಲ್ಲಿ ಇಟ್ಟು ಬಂದರು. ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆಯ ಮುಂದೆ "ಅಭಯದಾನ" ಎಂದು ಬರೆದರು. ಆಚಾರಿಗೆ ಇದು ಅರ್ಥವಾಗಲಿಲ್ಲ. ಆದರೂ ಮರುದಿನ ತಾವೇ ಬದಲಿ ಹಲಗೆಯೊಂದನ್ನು ತಂದುಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಎರಡನೆಯದು ಅಂಟು. ಹಿಂದೆ ಮರಗೆಲಸದಲ್ಲಿ ಬಳಕೆಯಲ್ಲಿದ್ದ ಸರೇಸು ಪ್ರಾಣಿಗಳ ಚರ್ಮ, ಮೂಳೆಗಳನ್ನು ಕುದಿಸಿ ತೆಗೆದದ್ದು. ಅನೇಕ ಜೈನ ಮನೆಗಳ ಹಳೆಯ ಪೀಠೋಪಕರಣಗಳನ್ನು, ಬಹುಶಃ ಕೆಲವು ಪೂಜಾಪೀಠಗಳನ್ನು ಸಹ, ಅದೇ ಹಿಡಿದು ನಿಲ್ಲಿಸಿರಬಹುದು ಎಂಬ ಯೋಚನೆಯೇ ಅವರಿಗೆ ಹೊಸದಾಗಿತ್ತು. ಈಗ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಬಿಳಿಯ ಅಂಟು ರಾಸಾಯನಿಕ ವಸ್ತು. ಅದರಲ್ಲಿ ಆ ದೋಷವಿಲ್ಲ. ಆದರೆ ಅವರು ಅದನ್ನೂ ಬಿಟ್ಟರು, ಬೇರೆ ಕಾರಣಕ್ಕಾಗಿ. ಅಂಟಿಸಿದ ಕಪಾಟನ್ನು ಬಿಚ್ಚಲಾಗದು. ಬಿಚ್ಚಲಾಗದ್ದನ್ನು ಪೂರ್ತಿಯಾಗಿ ಪರೀಕ್ಷಿಸಲಾಗದು. ಆದ್ದರಿಂದ ಹಲಗೆಯ ತುದಿಯಲ್ಲಿ ನಾಲಿಗೆ ಬಿಡಿಸಿ, ಅದನ್ನು ಪಕ್ಕದ ಹಲಗೆಯ ಕಂಡಿಯ ಮೂಲಕ ಹೊರಕ್ಕೆ ತಂದು, ಹೊರಬಂದ ನಾಲಿಗೆಯಲ್ಲಿ ತೂತು ಕೊರೆದು ಮರದ ಬೆಣೆ ಹೊಡೆಯುವ ಹಳೆಯ ಕ್ರಮವನ್ನು ಆಚಾರಿ ಹೇಳಿಕೊಟ್ಟರು. ಬೆಣೆಗಳನ್ನು ತಟ್ಟಿ ತೆಗೆದರೆ ಇಡೀ ಕಪಾಟು ಹಲಗೆ ಹಲಗೆಯಾಗಿ ಬಿಚ್ಚಿಕೊಳ್ಳುತ್ತದೆ.

ಮೂರನೆಯದು ಪಾಲಿಶ್. ಸ್ಪಿರಿಟ್ ಪಾಲಿಶಿನ ಹೊಳಪಿಗೆ ಕಾರಣ ಅರಗು. ಅರಗಿನ ಹುಳುಗಳು ಮರದ ಕೊಂಬೆಗಳ ಮೇಲೆ ಸ್ರವಿಸಿ ತಮ್ಮ ಸುತ್ತ ಕಟ್ಟಿಕೊಳ್ಳುವ ಕವಚವೇ ಅದು. ಕವಚವನ್ನು ಕೆರೆದು ಕರಗಿಸುವಾಗ ಅದರೊಳಗಿನ ಜೀವಗಳೂ ಹೋಗುತ್ತವೆ. ಆ ಹದಿನೈದು ನಿಷಿದ್ಧ ವ್ಯಾಪಾರಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದೆಂಬುದನ್ನು ಓದಿದವರು ಬಹಳ. ತಮ್ಮ ಮನೆಯ ಮಂಟಪದ ಹೊಳಪಿನಲ್ಲಿ ಅದನ್ನು ಗುರುತಿಸಿದವರು ವಿರಳ. ಹಿರಿಯರು ಅಗಸೆ ಎಣ್ಣೆಯನ್ನು ಆರಿಸಿಕೊಂಡರು. ಮೂರು ಸಲ ತೆಳುವಾಗಿ ಸವರಿ, ಪ್ರತಿ ಸಲವೂ ಕೆಲವು ದಿನ ಒಣಗಿಸಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟೆಂದು ತಿಳಿದು, ಅದನ್ನು ತಂತಿಯ ಮೇಲೆ ಹರಡಿ ಒಣಗಿಸಿದರು.

ನಾಲ್ಕನೆಯದು ವಿಷ. ಅದರ ಬದಲಾಗಿ ಅವರು ಇಟ್ಟುಕೊಂಡದ್ದು ಅಳತೆ. ಕೆಳಗಿನ ಹಲಗೆ ನೆಲದಿಂದ 8 ಅಂಗುಲ ಮೇಲೆ; ಕಪಾಟಿನ ಬೆನ್ನು ಗೋಡೆಯಿಂದ 4 ಅಂಗುಲ ದೂರ; ಬಾಗಿಲಿಲ್ಲ; ಹಿಂಬದಿಗೆ ಹಲಗೆಯಿಲ್ಲ, ಪುಸ್ತಕ ಬೀಳದಂತೆ ಒಂದೊಂದು ರೀಪು ಮಾತ್ರ. ನಾಲ್ಕು ಕಾಲುಗಳ ಅಡಿಗೆ ನಾಲ್ಕು ಕರಿಕಲ್ಲಿನ ತುಂಡುಗಳು. ಮಣ್ಣಿನಿಂದ ಬರುವ ಗೆದ್ದಲು ಈ ಕಪಾಟನ್ನು ಏರಬೇಕಾದರೆ ಬೆಳಕಿನಲ್ಲಿ, ಎಲ್ಲರ ಕಣ್ಣೆದುರಿನಲ್ಲಿ ಮಣ್ಣಿನ ಗೆರೆ ಕಟ್ಟಿಕೊಂಡು ಬರಬೇಕು. ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ಹಳೆಯ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಇರುವೆಗಳು ಆ ನೀರಿನಲ್ಲಿ ಬಿದ್ದು ಸಾಯುತ್ತವೆ. ಅಂಗಡಿಯ ಅಕ್ಕಿ ಮೂಟೆಗೆ ಅನ್ವಯಿಸುತ್ತಿದ್ದ ನಿಯಮಗಳು ನಲವತ್ತು ವರ್ಷಗಳ ನಂತರ ಶಾಸ್ತ್ರಕ್ಕೂ ಅನ್ವಯವಾದವು.

ಹಲಗೆಯ ಉದ್ದವನ್ನೂ ಲೆಕ್ಕ ಹಾಕಿಯೇ ನಿರ್ಧರಿಸಿದರು. ಒಂದು ಅಡಿ ಉದ್ದದ ಪುಸ್ತಕದ ಸಾಲು ಸುಮಾರು 10 ಕಿಲೋ ತೂಗುತ್ತದೆ. ಒಟ್ಟು ಭಾರ ಅಷ್ಟೇ ಇದ್ದರೂ ಹಲಗೆಯ ಉದ್ದ ಇಮ್ಮಡಿಯಾದರೆ ಅದು ಬಾಗುವುದು ಎಂಟು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಒಂದು ಅಂಗುಲ ದಪ್ಪದ ಹಲಗೆಗೆ ಎರಡೂವರೆ ಅಡಿ, ಅಂದರೆ 30 ಅಂಗುಲ ಸಾಕೆಂದು ನಿಶ್ಚಯಿಸಿದರು. ದೊಡ್ಡ ಆಗಮ ಸಂಪುಟಗಳಿಗೆ 12 ಅಂಗುಲದ ಅಂತರ, ನಡುವಿನದಕ್ಕೆ 10, ಮೇಲಿನದಕ್ಕೆ 9. ಒಟ್ಟು ಎತ್ತರ 43 ಅಂಗುಲ. ನಿಂತವರ ಕೈಗೂ, ಕುಳಿತ ಮಗುವಿನ ಕೈಗೂ ಎಟುಕುವಷ್ಟು.

ಇಷ್ಟು ಎಚ್ಚರ ವಹಿಸಿದವರೂ ಪ್ರಮಾದದಿಂದ ಪಾರಾಗಲಿಲ್ಲ. ಅಳತೆಯ ಟೇಪಿನ ತುದಿ ಸವೆದಿದ್ದುದರಿಂದ ಎರಡಂಗುಲದ ಗೆರೆಯಿಂದ ಅಳೆದು ಕೊನೆಗೆ ಎರಡನ್ನು ಸೇರಿಸುವುದು ರೂಢಿಯಾಗಿತ್ತು. ಅದೇ ವೇಳೆಗೆ ಮೊಬೈಲ್ ಫೋನು ಮೊಳಗಿತು. ಹಳೆಯ ಬಾಕಿಯೊಂದರ ವಿಚಾರವಾಗಿ ಸಿಟ್ಟಿನಲ್ಲಿ ಮಾತನಾಡುತ್ತಲೇ ಗೆರೆ ಹಾಕಿ ಕೊಯ್ದರು. ಹಲಗೆ ಎರಡಂಗುಲ ಗಿಡ್ಡವಾಯಿತು. ಕೊಯ್ದ ಮರ ಮತ್ತೆ ಬೆಳೆಯದು. ಬೇರೆ ಹಲಗೆ ಹುಡುಕುವ ಬದಲು ಉಳಿದ ಮೂರನ್ನೂ ಅದರ ಅಳತೆಗೇ ತಂದರು. 30 ಅಂಗುಲದ ಕಪಾಟು 28 ಅಂಗುಲದ್ದಾಯಿತು.

ಪುಸ್ತಕವೊಂದಕ್ಕೆ ಸರಾಸರಿ ಒಂದಂಗುಲವೆಂದರೆ ಮೂರು ಸಾಲಿನಲ್ಲಿ 84 ಪುಸ್ತಕ. ಎಣಿಸಿದ ಮೊಮ್ಮಗಳು, "ಅಜ್ಜ, ಎಂಬತ್ತನಾಲ್ಕು ಲಕ್ಷ ಜೀವಯೋನಿಗೆ ಕ್ಷಮೆ ಕೇಳುತ್ತೀರಲ್ಲ, ಅದೇ ಎಂಬತ್ತನಾಲ್ಕು!" ಎಂದಳು. ಅವರು ಉತ್ತರಿಸಲಿಲ್ಲ, ಆದರೆ ಆ ಸಂಖ್ಯೆಯನ್ನೇ ಪರಿಗ್ರಹ ಪರಿಮಾಣವಾಗಿ ಸ್ವೀಕರಿಸಿದರು. ಗೆದ್ದಲು ಬಿಟ್ಟ ಪುಸ್ತಕಗಳೇ ಇನ್ನೂರಕ್ಕೆ ಮೇಲ್ಪಟ್ಟಿದ್ದವು. ಈ ಜನ್ಮದಲ್ಲಿ ಓದಲಾಗುವ 84ನ್ನು ಇಟ್ಟುಕೊಂಡು, ಉಳಿದವನ್ನು ಓದುವವರನ್ನು ಹುಡುಕಿ ಕೊಟ್ಟರು. ಹೊಸ ಪುಸ್ತಕವೊಂದು ಬಂದರೆ ಹಳೆಯದೊಂದು ಶಾಸ್ತ್ರದಾನವಾಗಿ ಹೊರಡಬೇಕೆಂಬುದು ಈಗ ಆ ಮನೆಯ ನಿಯಮ. ಕಪಾಟಿನ ಮೇಲೆ ತಂದೆಯ ಕಾಲದ ಠವಣೆಕೋಲು. ಅದರ ಮೇಲೆ ದಿನಕ್ಕೊಂದು ಪುಟವಾದರೂ ಮಗುಚುವ ಒಂದು ಗ್ರಂಥ. ಕೆಳಗಿನ ಸಾಲಿನ ತುದಿಯಲ್ಲಿ ಅಕ್ಷರವಿಲ್ಲದ ಆ ರಟ್ಟು. ಅದನ್ನು ಲೆಕ್ಕಕ್ಕೆ ಹಿಡಿದೇ 84.

ಮುಂದಿನ ಶ್ರಾವಣದಲ್ಲಿ ಪರೀಕ್ಷೆ ಬಂದಿತು. ಒಂದು ಮುಂಜಾನೆ ಪುಸ್ತಕ ತೆಗೆಯುವಾಗ, ಹಿಂಬದಿಯ ಬಲಗಾಲಿನ ಮೇಲೆ ಬೆರಳುದ್ದದ ಮಣ್ಣಿನ ಗೆರೆ ಕಾಣಿಸಿತು. ಹಿಂದಿನ ದಿನ ಅದು ಇರಲಿಲ್ಲ. ಅವರು ಕಪಾಟನ್ನು ಬಿಚ್ಚಿ, ಎದುರು ಗೋಡೆಯ ಬಳಿ ಮತ್ತೆ ಜೋಡಿಸಿ, ಗೆರೆಯನ್ನು ಮೆದುವಾದ ಕುಂಚದಿಂದ ಗೋಡೆಯ ಕಡೆಗೇ ಸರಿಸಿದರು. ಒಂದು ಗಂಟೆಯ ಕೆಲಸ. ಪುಸ್ತಕಕ್ಕೆ ಹಾನಿಯಾಗಲಿಲ್ಲ, ಸೀಮೆಎಣ್ಣೆಯ ಮಾತು ಬರಲಿಲ್ಲ. ಒಂದು ಹುಳವೂ ಸಾಯಲಿಲ್ಲವೆಂದು ಅವರು ಹೇಳಿಕೊಳ್ಳುವುದಿಲ್ಲ. ಲೆಕ್ಕದ ಪುಸ್ತಕದ ಬಲಬದಿಯಲ್ಲಿ ಅಂದು ಬರೆದದ್ದು: "ಕೆಲವು. ಆರಂಭೀ."

ಮುನಿಗಳ ಐದು ಸಮಿತಿಗಳಲ್ಲಿ ಆದಾನ ನಿಕ್ಷೇಪಣ ಸಮಿತಿ ಒಂದು. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಎಚ್ಚರದಿಂದ ವರ್ತಿಸುವುದು. ಶ್ರಾವಕನು ಅದನ್ನು ಪೂರ್ಣವಾಗಿ ಪಾಲಿಸಲಾರ. ಆದರೆ ಇಡುವ ಜಾಗವನ್ನೇ ನೋಡಲು ಅನುವಾಗುವಂತೆ ಕಟ್ಟಿಕೊಂಡರೆ ಅದರ ಅಂಶವೊಂದು ಅವನಿಗೂ ಲಭಿಸುತ್ತದೆ. ಅಹಿಂಸೆಯೆಂದರೆ ಕೊಲ್ಲುವ ಗಳಿಗೆ ಬಂದಾಗ ಕೈಯನ್ನು ತಡೆಯುವುದು ಮಾತ್ರವಲ್ಲ. ಆ ಗಳಿಗೆ ಬಾರದಂತೆ ಮೊದಲೇ ಅಳೆದು ನಡೆಯುವುದು. ಎಂಟು ಅಂಗುಲದ ಕಾಲು, ನಾಲ್ಕು ಅಂಗುಲದ ಅಂತರ, ದಿನಕ್ಕೊಮ್ಮೆ ಚಾಚುವ ಕೈ ಇವು ಮೂರೂ ಸೇರಿ ಒಂದು ಡಬ್ಬಿ ವಿಷದ ಕೆಲಸವನ್ನು ವಿಷವಿಲ್ಲದೆ ಮಾಡಿದವು.

ಜ್ಯೇಷ್ಠ ಶುದ್ಧ ಪಂಚಮಿಯನ್ನು, ಪುಷ್ಪದಂತ ಭೂತಬಲಿ ಆಚಾರ್ಯರಿಂದ ಷಟ್ಖಂಡಾಗಮ ಪೂರ್ಣಗೊಂಡ ದಿನವೆಂದು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಕರಾವಳಿಯಲ್ಲಿ ಅದು ಮಳೆಗಾಲದ ಹೊಸ್ತಿಲು. ಶಾಸ್ತ್ರಗಳನ್ನು ಹೊರತೆಗೆದು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸಬೇಕೆಂದು ವಿಧಿಸಿದ ಹಿರಿಯರು ಭಕ್ತಿಯನ್ನೂ ರಕ್ಷಣೆಯನ್ನೂ ಒಂದೇ ದಿನಕ್ಕೆ ಕಟ್ಟಿದ್ದಾರೆ. ಬಸದಿಗಳ ಆಡಳಿತ ಮಂಡಳಿಗಳು ಶಾಸ್ತ್ರಭಂಡಾರಕ್ಕೆ ಅಮೃತಶಿಲೆ ಹಾಸಿ ಗಾಜಿನ ಬಾಗಿಲಿಗೆ ಬೀಗ ಹಾಕುವ ಮೊದಲು, ಅದರ ಬೀಗದ ಕೈ ಯಾರ ಬಳಿ ಇದೆ, ವರ್ಷದಲ್ಲಿ ಅದು ಎಷ್ಟು ಸಲ ತಿರುಗುತ್ತದೆ ಎಂದು ವಿಚಾರಿಸಿಕೊಳ್ಳುವುದು ಯುಕ್ತ.

ಕೂಳೂರಿನ ಆ ಮನೆಯಲ್ಲಿ ಶ್ರುತಪಂಚಮಿಯಂದು ಬೆಳಿಗ್ಗೆ ಬೆಣೆಗಳನ್ನು ತಟ್ಟಿ ತೆಗೆಯುವ ಸದ್ದು ಕೇಳಿಸುತ್ತದೆ. ಹಲಗೆಗಳು ಅಂಗಳದ ಬಿಸಿಲಿನಲ್ಲಿ ಒಣಗುತ್ತವೆ. ಮೊಮ್ಮಗಳು ಕಳೆದ ಎರಡು ವರ್ಷಗಳಿಂದ ಒಂದು ದಪ್ಪ ನೋಟುಪುಸ್ತಕದಲ್ಲಿ ಅಜ್ಜನಿಗೆ ನೆನಪಿರುವ, ಅವರ ತಂದೆ ಹೇಳುತ್ತಿದ್ದ ಸ್ತೋತ್ರಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದಾಳೆ. ಬರವಣಿಗೆ ಮುಗಿದ ದಿನ ಅದಕ್ಕೆ ಆ ಹಳೆಯ ರಟ್ಟನ್ನೇ ಕಟ್ಟಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಪುಸ್ತಕದ ಸಂಖ್ಯೆ ಹೆಚ್ಚುವುದಿಲ್ಲ. 84 ಹಾಗೆಯೇ ಇರುತ್ತದೆ.